ಸ್ಟಿಕ್ಕರಿನಡಿಯ ಬಿಳಿ ಕಲೆ

ಪುಟ್ಟಿ, ಚಿನ್ನು, ನನಗೆ ಎದುರಿಗೆ ಕೂತು ಜೋರಾಗಿ ಮಾತಾಡಲು ಬರುವುದಿಲ್ಲ. ಹಳ್ಳಿ ಶಾಲೆಯಲ್ಲಿ ಕಲಿತ ಅಕ್ಷರವಿದೆ, ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ನಿಮ್ಮ ತಾತ ತೀರಿಕೊಂಡಾಗ ಚಿನ್ನುವಿಗೆ ಎರಡು ತಿಂಗಳು. ನಿಮ್ಮ ಅಮ್ಮ ಬಾಣಂತನಕ್ಕೆ ಕೊಡಿಗೇಹಳ್ಳಿಯ ನಮ್ಮ ಮನೆಯಲ್ಲಿದ್ದಳು. ಮಗುವಿಗೆ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವುದು ನನ್ನ ಕೆಲಸ. ಹನ್ನೊಂದನೆಯ ದಿನ ಹೆಂಗಸರು ನನ್ನನ್ನು ಕೂರಿಸಿ ಬಳೆ ತೆಗೆದರು, ಹಣೆಯ ಸ್ಟಿಕ್ಕರ್ ಕಿತ್ತರು. ಅದರಡಿಯಲ್ಲಿ ದುಂಡಗೆ ಬಿಳಿ ಕಲೆ. ನನಗದು ಮೊದಲೇ ಗೊತ್ತಿತ್ತು. ಕಲೆ ದೊಡ್ಡದಾದಂತೆಲ್ಲ ಮುಚ್ಚಲು ಇನ್ನೂ ದೊಡ್ಡ ಸ್ಟಿಕ್ಕರ್ ತರುತ್ತಿದ್ದೆ.

"ಅಯ್ಯೋ, ತೊನ್ನು ಕಣೇ ಇದು! ಇದನ್ನ ಮುಚ್ಕೊಂಡು ಮಗೂನ ಮುಟ್ತಿದ್ಯಾ?" ಎಂದರು ತಾತನ ಅಕ್ಕ. ಗಂಡನನ್ನು ಕಳೆದುಕೊಂಡು ಕೂತವಳಿಗೆ, ಅಷ್ಟು ಜನರ ಮುಂದೆ ಆಡುವ ಮಾತೇ ಅದು?

ಮರುದಿನದಿಂದ ನನ್ನ ತಟ್ಟೆ, ಲೋಟ ಬೇರೆಯಾದವು. ಮಗುವಿಗೆ ಅವರೇ ನೀರು ಹಾಕತೊಡಗಿದರು. ನಿಮ್ಮ ಅಮ್ಮನೂ, "ಸ್ವಲ್ಪ ದಿನ ಬೇಡ ಬಿಡಮ್ಮ, ಸುಮ್ನೆ ಯಾಕೆ ರಿಸ್ಕು?" ಅಂದಳು. ಇದನ್ನು ಅವಳೂ ಓದಲಿ. ನೀರು ಕಾಯಿಸಿ ಬಚ್ಚಲ ಬಾಗಿಲಲ್ಲಿ ಇಟ್ಟು ಬರುತ್ತಿದ್ದೆ. ಒಳಗೆ ಮಗು ಅಳುವುದು ಕೇಳುತ್ತಿತ್ತು. ಎರಡು ತಿಂಗಳು ಹೀಗೇ. ಬಾಯಿ ಬಿಡದ ನನ್ನ ಮೇಲೂ ನನಗೆ ಸಿಟ್ಟಿದೆ.

ಒಂದು ದಿನ ಯಾರಿಗೂ ಹೇಳದೆ ಬಸ್ಸು ಹತ್ತಿ ಆರ್.ಟಿ. ನಗರದ ಚರ್ಮದ ಡಾಕ್ಟರ ಹತ್ತಿರ ಹೋದೆ. ಆಕೆ ಹಣೆಯ ಮೇಲೆ ಬೆರಳಾಡಿಸಿದರು. "ಉಬ್ಬಿಲ್ಲ, ತಗ್ಗಿಲ್ಲ, ಬಣ್ಣ ಮಾತ್ರ ಬೇರೆ. ಇಂಥ ಚಿಕ್ಕ ಕಲೇನ ಮ್ಯಾಕ್ಯೂಲ್ ಅಂತೀವಿ, ಅಗಲ ಆದ್ರೆ ಪ್ಯಾಚ್. ಅದು ಕಾಯಿಲೆ ಹೆಸರಲ್ಲ ಅಮ್ಮ, ಕಲೆ ಹೇಗಿದೆ ಅನ್ನೋದಕ್ಕೆ ಹೆಸರು. ಇದು ಸ್ಟಿಕ್ಕರ್ ಗೋಂದಿನ ಕೆಲಸ."

"ಮಗೂಗೆ ಅಂಟುತ್ತಾ?"

"ಇಲ್ಲ. ತೊನ್ನೇ ಆಗಿದ್ರೂ ಅಂಟ್ತಿರ್ಲಿಲ್ಲ."

ತೊನ್ನೇ ಆಗಿದ್ದರೂ! ಮೈಯೆಲ್ಲ ಉರಿಯಿತು. ನಮ್ಮೂರಲ್ಲಿ ತೊನ್ನಿದ್ದ ಹೆಂಗಸೊಬ್ಬಳಿಗೆ ನಾವು ಮಕ್ಕಳೆಲ್ಲ ದೂರದಿಂದಲೇ ನೀರು ಎತ್ತಿ ಹೊಯ್ಯುತ್ತಿದ್ದುದು ನೆನಪಾಗಿ ನಾಚಿಕೆಯಾಯಿತು. "ಇದನ್ನೆಲ್ಲ ಕನ್ನಡದಲ್ಲಿ ಬರ್ದು ಕೊಡಿ" ಎಂದು ಕೇಳಿದೆ.

ಮರುದಿನ ಸೀರೆ ಮೇಲೆತ್ತಿಕೊಂಡು ಬಚ್ಚಲಲ್ಲಿ ಕೂತು, "ಮಗೂನ ಕೊಡಿ" ಅಂದೆ.

"ಓಹೋ, ಯಾರು ಹೇಳಿದ್ರು ನಿಂಗೆ?" ಎಂದರು ತಾತನ ಅಕ್ಕ.

ಡಾಕ್ಟರು ಬರೆದುಕೊಟ್ಟ ಚೀಟಿ ಕೊಟ್ಟೆ. ಅವರು ಓದಿ ನಿಮ್ಮ ಅಮ್ಮನ ಕೈಗಿತ್ತರು. ತಪ್ಪಾಯಿತೆಂದು ಒಬ್ಬರೂ ಅನ್ನಲಿಲ್ಲ. ಅಮ್ಮ ತಲೆ ತಗ್ಗಿಸಿ ಮಗುವನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದಳು. ಚಿನ್ನು, ನಿನಗೆ ನನ್ನ ಕೈಯ ಗುರುತೇ ಮರೆತುಹೋಗಿತ್ತು. ನೀನು ಕಿರುಚಿಕೊಂಡೆ. ಆ ಎರಡು ತಿಂಗಳನ್ನು ನನಗೆ ಯಾರೂ ವಾಪಸು ಕೊಡಲಿಲ್ಲ.

ಕಲೆ ಇನ್ನೂ ಇದೆ, ಮುಚ್ಚುವುದಿಲ್ಲ. ಚೀಟಿಯನ್ನು ಈ ಹಾಳೆಗಳ ನಡುವೆ ಇಟ್ಟಿದ್ದೇನೆ. ಮನೆಯಲ್ಲಿ ಯಾರ ಮೈಮೇಲಾದರೂ ಇಂಥ ಕಲೆ ಕಂಡ ದಿನ ತೆಗೆದು ಓದಿ. ಅಲ್ಲಿಯವರೆಗೆ ಒದ್ದೆಯಾಗದಂತೆ, ಹರಿಯದಂತೆ ಜೋಪಾನ ಮಾಡಿ.