ಗಂಗಾಂಬಿಕಾ ಅಳಿಸಿದ ಕುರಿಗಳು

ಚಳ್ಳಕೆರೆಯ ಕುರಿ ಸಾಕುವವರ ಸಂಘದಲ್ಲಿ ಗಂಗಾಂಬಿಕಾ ಹದಿನಾರು ವರ್ಷದಿಂದ ಗುಮಾಸ್ತೆ. ಪುಸ್ತಕ ನೋಡಿಕೊಂಡೇ ಕಂಪ್ಯೂಟರಿನಲ್ಲಿ ಪಟ್ಟಿ ಇಡುವ ಆಕ್ಸೆಸ್ ತಂತ್ರಾಂಶ ಕಲಿತು, ಕುರಿಯ ಕಿವಿಯ ನಂಬರು, ಒಡೆಯರ ಹೆಸರು, ಹಾಕಿಸಿದ ಲಸಿಕೆ ಎಲ್ಲ ಒಂದೇ ಪರದೆಯಲ್ಲಿ ಕಾಣುವಂತೆ ಮಾಡಿದವಳು. ಆ ಪರದೆಯ ಮೇಲೆ ಅವಳಿಗೆ ಹೆತ್ತ ಮಗಳ ಮೇಲಿನಷ್ಟೇ ಮಮತೆ. ಮಾಹಿತಿಯೆಲ್ಲ ಇನ್ನು ಚಿತ್ರದುರ್ಗದ ಸರ್ವರ್‌ಗೆ ಹೋಗುತ್ತದೆ ಎಂದಾಗ ಪರದೆಯೇ ಹೋಯಿತೆಂದು ಹೆದರಿದ್ದಳು.

ಕಂಪ್ಯೂಟರನ್ನು ಸರ್ವರ್‌ಗೆ ಜೋಡಿಸಲು ಬಂದ ತಂತ್ರಜ್ಞ ಮುರುಗೇಶ್ ಸಮಾಧಾನ ಹೇಳಿದ. "ನಿಮ್ಮ ಪರದೆ ಹಂಗೇ ಇರ್ತೈತೆ ಮೇಡಂ. ಒಳಗಿನ ಪಟ್ಟಿ ಮಾತ್ರ ಅಲ್ಲಿರ್ತೈತೆ." ಮಗಳು ಮನೆಯಲ್ಲೇ ಉಳಿದಳೆಂಬ ಖುಷಿಯಲ್ಲಿ ಅವಳು ಮುಂದಿನ ಮಾತು ಕೇಳಲೇ ಇಲ್ಲ. ಸಂಘದ ಪರಶುರಾಂಪುರದ ಶಾಖೆಗೂ ಅದೇ ಪಟ್ಟಿ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ ಎಂದು ಅವನು ಹೇಳುತ್ತಲೇ ಇದ್ದ.

ಮರುದಿನ ಪರದೆ ತೆರೆದರೆ ಗುರುತಿಲ್ಲದ ನಾನೂರು ಕುರಿ. ಗಂಗಾಂಬಿಕಾಗೆ ಮೈಯೆಲ್ಲ ಉರಿಯಿತು. ಯಾವನೋ ತನ್ನ ಕಂಪ್ಯೂಟರಿನಲ್ಲಿ ಕಸ ಸುರಿದು ಹೋಗಿದ್ದಾನೆ ಎಂದು ಎಲ್ಲವನ್ನೂ ಆರಿಸಿ ಅಳಿಸಿದಳು. ಖಚಿತವೇ ಎಂದು ಆಕ್ಸೆಸ್ ಕೇಳಿತು. ಅದು ದಿನಾ ಕೇಳುವುದೇ, ಅವಳು ದಿನಾ ಹೌದೆನ್ನುವುದೇ.

ಮಧ್ಯಾಹ್ನ ಪರಶುರಾಂಪುರದ ಗುಮಾಸ್ತ ಮುದ್ದಪ್ಪ ಫೋನು ಮಾಡಿದ. ತಿಂಗಳಿಡೀ ಕೂತು ನೇರ ಸರ್ವರ್‌ಗೆ ತುಂಬಿಸಿದ್ದ ಪಟ್ಟಿ ಮಾಯವಾಗಿತ್ತು. ಕಾಗದದಲ್ಲಿ ಒಂದಕ್ಷರವಿರಲಿಲ್ಲ. ಇನ್ನು ಮೂರು ದಿನಕ್ಕೆ ಲಸಿಕೆ, ಪಟ್ಟಿ ಇಲ್ಲದೆ ವೈದ್ಯರು ಬರುವುದಿಲ್ಲ. ಮುರುಗೇಶ್‌ನನ್ನು ಕೇಳಿದರೆ, ದಿನಾ ನಕಲು ತೆಗೆದಿಡುವ ವ್ಯವಸ್ಥೆ ಭಾನುವಾರದಿಂದ ಶುರು ಎಂದ. ಸರ್ವರೇ ಕೆಟ್ಟಿರಬೇಕು ಎಂದು ಅವನೇ ಊಹೆಯನ್ನೂ ಮಾಡಿದ.

ಬೆಳಿಗ್ಗೆ ತಾನು ಅಳಿಸಿದ ಕಸ ಅದೇ ಪಟ್ಟಿ ಎಂದು ಗಂಗಾಂಬಿಕಾಗೆ ಆಗ ತಿಳಿಯಿತು. ಅವಳು ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು. ಸುಮ್ಮನಿರಲು ನೋಡಿದಳು ಕೂಡ. ಆದರೆ ಊಟದ ಡಬ್ಬಿ ತೆರೆದವಳು ಹಾಗೇ ಮುಚ್ಚಿಟ್ಟಳು. ಮುದ್ದಪ್ಪನಿಗೆ ತಾನೇ ಫೋನು ಹಚ್ಚಿ, "ಅಳಿಸಿದ್ದು ನಾನು ಕಣಪ್ಪ. ಲ್ಯಾಪ್‌ಟಾಪ್ ತಗಂಡು ಬರ್ತೀನಿ," ಎಂದಳು.

ಎರಡು ದಿನ ಅವಳು ಪರಶುರಾಂಪುರದಲ್ಲಿ ಕುರಿ ಕೂಡುವ ರೊಪ್ಪಗಳಲ್ಲಿ ಹಿಕ್ಕೆಯ ವಾಸನೆಯ ನಡುವೆ ಕೂತು ಪಟ್ಟಿ ತುಂಬಿಸಿದಳು. ಕುರಿಗಾರರಲ್ಲಿ ಒಂದೊಂದು ಮನೆತನಕ್ಕೂ ಒಂದೊಂದು ಬಗೆಯಲ್ಲಿ ಕಿವಿ ಕತ್ತರಿಸುವ ಗುರುತುಂಟು. ಅಲ್ಲಿನ ಕುರಿಗಾರರ ಮುದುಕಿ ಮುದ್ದಕ್ಕ ಕಿವಿ ಸವರಿ ಒಡೆಯರ ಹೆಸರು ಹೇಳುತ್ತಿದ್ದಳು, ಮುದ್ದಪ್ಪ ಕಿವಿಯ ಬಿಲ್ಲೆಯ ನಂಬರು ಓದುತ್ತಿದ್ದ.

ಎಲ್ಲ ಮುಗಿದ ಮೇಲೆ ಮುದ್ದಕ್ಕ ಬೈಯಲಿಲ್ಲ, ಕೇಳಿದಳು ಅಷ್ಟೆ. "ಬ್ಯಾರೇರ ಕುರಿ ನಮ್ಮ ರೊಪ್ಪಕ್ಕೆ ಬಂದ್ರೆ ನಾವು ಹೊಡೆದಟ್ಟಲ್ಲ ತಾಯಿ. ಯಾರ್ದು ಅಂತ ಕೇಳ್ತೀವಿ. ನೀನ್ಯಾಕೆ ಕೇಳ್ಲಿಲ್ಲ?"

ಗಂಗಾಂಬಿಕಾಗೆ ನಾಚಿಕೆಯಾಯಿತು. ಲಸಿಕೆ ಹೇಳಿದ ದಿನವೇ ಆಯಿತು. ಮರುದಿನ ಕಚೇರಿಗೆ ಬಂದವಳು ತನ್ನ ಮುದ್ದಿನ ಪರದೆಯಲ್ಲಿ ಒಂದೇ ಒಂದು ಬದಲಾವಣೆ ಮಾಡಿದಳು. ಈಗ ಅಲ್ಲಿ ಏನನ್ನಾದರೂ ಅಳಿಸಹೊರಟರೆ ಪರದೆ ಖಚಿತವೇ ಎಂದು ಕೇಳುವುದಿಲ್ಲ. "ಯಾರ್ದು ಅಂತ ಕೇಳಿದ್ಯಾ?" ಎನ್ನುತ್ತದೆ.