ಲೇಡೀಸ್ ಟೈಲರ್‌ಗೆ ಹೋದ ಎಚ್ಚರಿಕೆ

2009ರ ಮಾರ್ಚ್ ತಿಂಗಳ ಒಂದು ಸೋಮವಾರ, ಗುಂಡ್ಲುಪೇಟೆಯ ಗುತ್ತಿಗೆದಾರರೊಬ್ಬರ ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಮುಗಿದಿರುವುದು ಗೊತ್ತಾಯಿತು. ಉಮ್ಮತ್ತೂರು ಕಡೆಯ ಒಂದು ಚರಂಡಿ ಕಾಮಗಾರಿಗೆ ಟೆಂಡರ್ ಹಾಕಲು ಅದೇ ಶುಕ್ರವಾರ ಕೊನೆಯ ದಿನ. ಟೆಂಡರನ್ನು ಕಂಪ್ಯೂಟರಿನಲ್ಲೇ ಹಾಕಬೇಕಿತ್ತು. ಸರ್ಟಿಫಿಕೇಟ್ ಎಂದರೆ ಅಲ್ಲಿ ಅವರ ಸಹಿ. ಅದಿಲ್ಲದಿದ್ದರೆ ಚರಂಡಿ ಬೇರೆಯವರ ಪಾಲು.

ಆಗ ನಾನು ಚಾಮರಾಜನಗರದಲ್ಲಿ ಒಂದು ಪತ್ರಿಕೆಯ ವರದಿಗಾರ. ಸುದ್ದಿ ಕಳಿಸಿಯಾದ ಮೇಲೆ ಗೆಳೆಯನ ಅಂಗಡಿಯಲ್ಲಿ ಕೂರುತ್ತಿದ್ದೆ. ಅವನು ಇಂಥ ಸರ್ಟಿಫಿಕೇಟುಗಳನ್ನು ಬೆಂಗಳೂರಿನ ಕಂಪನಿಯೊಂದರಿಂದ ಮಾಡಿಸಿಕೊಡುವ ಏಜೆಂಟ್. ಗುತ್ತಿಗೆದಾರರು ಅಂಗಡಿಗೆ ಬಂದಾಗ ನಾನು ಅಲ್ಲೇ ಇದ್ದೆ.

"ಒಂದ್ ಮಾತ್ ಯೋಳಕ್ಕಿಲ್ವಾ? ಮುಗಿಯಾ ಮುಂಚೆನೆ ತಿಳಿಸ್ತೀವಿ ಅಂದಿದ್ರಿ."

"ಕಂಪನಿಯೋರು ಮೇಲ್ ಕಳಿಸ್ತಾರೆ ಕಣಣ್ಣ. ನಿಂಗೆ ಬಂದಿರ್ಬೇಕು," ಎಂದ ಗೆಳೆಯ.

"ನಂಗಾ? ನಂಗೆಲ್ಲಿ ಅದೆ ಮೇಲು? ಇರದು ಒಂದು ಮೊಬೈಲು, ಅದ್ರಲ್ಲೂ ಐಕ್ಳು ಹಾವಿನ್ ಆಟ ಆಡ್ತವೆ."

"ಅಂಗಾರೆ ಅರ್ಜೀಲಿ ಯಾರ್ದು ಕೊಟ್ಟಿದ್ದೆ?"

"ಯಾರ್ದೋ ಕೊಟ್ಟಿವ್ನಿ ಕಣಪ್ಪ. ಪಿಪಿ ನಂಬರ್ ಇದ್ದಂಗೆ ಅನ್ಕಂಡೆ."

ಪಿಪಿ ನಂಬರ್ ನಮ್ಮ ಕಡೆಯ ಹಳೆಯ ಏರ್ಪಾಡು. ಮನೆಯಲ್ಲಿ ಫೋನಿಲ್ಲದವರು ಪಕ್ಕದ ಮನೆಯವರ ನಂಬರ್ ಕೊಟ್ಟು ಮುಂದೆ ಪಿಪಿ ಎಂದು ಬರೆಯುತ್ತಿದ್ದರು. ಫೋನ್ ಬಂದರೆ ಪಕ್ಕದವರು ಬಾಗಿಲಿಗೆ ಬಂದು ಕೂಗಬೇಕು. ಮದುವೆ ಮಾತುಕತೆ, ಸಾವಿನ ಸುದ್ದಿ ಎಲ್ಲವೂ ಹೀಗೆಯೇ ತಲುಪುತ್ತಿದ್ದವು. ಇಮೇಲಿಗೂ ಇದೇ ಪದ್ಧತಿ ನಡೆಯುತ್ತದೆಂದು ಗುತ್ತಿಗೆದಾರರು ತಿಳಿದದ್ದರಲ್ಲಿ ತಪ್ಪೇನೂ ಇರಲಿಲ್ಲ. ಯಾರ ಮೇಲ್ ಕೊಟ್ಟಿದ್ದೆ ಎಂಬುದನ್ನು ಮರೆತಿದ್ದರು, ಅಷ್ಟೆ.

ಅದನ್ನು ಪತ್ತೆ ಮಾಡಲು ಒಂದು ದಾರಿಯಿತ್ತು. ಕಂಪನಿ ತನ್ನ ಏಜೆಂಟರಿಗೆ ಎಪಿಐ ಎಂಬುದೊಂದನ್ನು ಕೊಟ್ಟಿತ್ತು. ನಮ್ಮ ಕಂಪ್ಯೂಟರಿನ ಪುಟ್ಟ ಪ್ರೋಗ್ರಾಮು ಬೆಂಗಳೂರಿನ ದೊಡ್ಡ ಕಂಪ್ಯೂಟರಿಗೆ ಒಂದು ಪ್ರಶ್ನೆ ಕಳಿಸುತ್ತದೆ: ಈ ಸಂಖ್ಯೆಯ ಸರ್ಟಿಫಿಕೇಟಿಗೆ ಎಚ್ಚರಿಕೆಯ ಮೇಲ್ ಯಾರಿಗೆ ಹೋಗಬೇಕೆಂದಿದೆ, ಎಷ್ಟು ದಿನ ಮುಂಚೆ? ಅದು ಉತ್ತರ ಕೊಡುತ್ತದೆ. ಕೇಳಬಹುದು, ತಿದ್ದುವಂತಿಲ್ಲ. ಗೆಳೆಯ ಸರ್ಟಿಫಿಕೇಟಿನ ಸಂಖ್ಯೆ ಒತ್ತಿದ. ಎಚ್ಚರಿಕೆ ಚಾಲ್ತಿಯಲ್ಲಿದೆ ಎಂಬ ಉತ್ತರ ಬಂತು. ಅವಧಿ ಮುಗಿಯುವುದಕ್ಕೆ ತಿಂಗಳು ಮುಂಚೆ, ಹದಿನೈದು ದಿನ ಮುಂಚೆ, ವಾರ ಮುಂಚೆ. ಕೆಳಗೆ ಮೇಲ್ ವಿಳಾಸ. ಅದರ ಮೊದಲರ್ಧ 'ಲೇಡೀಸ್ ಟೈಲರ್' ಎಂದಿತ್ತು.

ಗೆಳೆಯ ಗುತ್ತಿಗೆದಾರರ ಮುಖ ನೋಡಿದ. "ಏನಣ್ಣ, ಚರಂಡಿ ಜೊತೆಗೆ ಇದೂ ಶುರು ಮಾಡ್ಬುಟ್ಯಾ?"

"ಅಯ್ಯೋ, ಎದ್ರು ಮನೆ ಕಣ್ಲಾ ಅದು!" ಗುತ್ತಿಗೆದಾರರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಆ ಬೀದಿಗೆಲ್ಲ ಮೇಲ್ ಇರದು ಅವಳೊಬ್ಳಿಗೇಯ."

ಕುತೂಹಲಕ್ಕೆಂದು ಗೆಳೆಯ ಅದೇ ಬೀದಿಯ ಬೋರ್‌ವೆಲ್ ಮಾಲೀಕರ ಸರ್ಟಿಫಿಕೇಟಿನ ಸಂಖ್ಯೆಯನ್ನೂ ಒತ್ತಿದ. ಅದೇ ವಿಳಾಸ. ಆದರೆ ಬೋರ್‌ವೆಲ್‌ನವರು ಅವಧಿಗೆ ಮುಂಚೆಯೇ ಬಂದು ನವೀಕರಿಸಿಕೊಂಡು ಹೋಗಿದ್ದರು. ಅಂದರೆ ಟೈಲರ್ ಮೇಲ್ ನೋಡುತ್ತಾರೆ. ಬೋರ್‌ವೆಲ್ ಮನೆಗೆ ಕೂಗಿದ್ದಾರೆ, ಈ ಮನೆಗೆ ಕೂಗಿಲ್ಲ.

ಗೆಳೆಯ ಕೂಡಲೇ ನವೀಕರಣದ ಅರ್ಜಿ ಕಳಿಸಿದ. ಕಂಪನಿಯಿಂದ ಒಂದು ಲಿಂಕ್ ಹೊರಟಿತು, ಅದೂ ಟೈಲರ್ ವಿಳಾಸಕ್ಕೇ. ಅರ್ಜಿ ಖಚಿತವಾಗಲು ಗುರುವಾರ ಸಂಜೆಯೊಳಗೆ ಮೇಲ್ ತೆರೆದು ಅದನ್ನು ಒತ್ತಬೇಕು. ವಿಳಾಸ ಬದಲಿಸಬೇಕಾದರೆ ಬೆಂಗಳೂರಿಗೆ ಅಂಚೆಯಲ್ಲಿ ಕೋರಿಕೆ ಹೋಗಬೇಕು. ಅದು ತಲುಪುವಷ್ಟರಲ್ಲಿ ಟೆಂಡರ್ ಮುಗಿದಿರುತ್ತದೆ.

ಮಾರನೆಯ ದಿನ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ನಾನೂ ಗುತ್ತಿಗೆದಾರರ ಜೊತೆ ಹೋದೆ. ಗೆಳೆಯನಿಗೆ ಅಂಗಡಿ ಬಿಡಲಾಗಲಿಲ್ಲ. ನನಗೆ ವಾರದ ರಜೆ.

ಟೈಲರ್ ನಲವತ್ತು ದಾಟಿದ ಹೆಂಗಸು. ಕಂಪ್ಯೂಟರ್ ಕ್ಲಾಸಿಗೆ ಹೋಗಿ ಕಲಿತು, ಕಸೂತಿಯ ನಮೂನೆ ನೋಡಲು ಅಂಗಡಿಯಲ್ಲೇ ಒಂದು ಕಂಪ್ಯೂಟರ್ ಇಟ್ಟುಕೊಂಡಿದ್ದರು. ಅದಕ್ಕೆ ಲೇಸು ಹಚ್ಚಿದ ಹೊದಿಕೆ.

"ಮೇಲ್ ಬಂದಿತ್ತಾ ತಾಯಿ?" ಎಂದು ಗುತ್ತಿಗೆದಾರರು ಕೇಳಿದರು.

"ಬಂದಿತ್ತು. ಮೂರು ಸತಿ ಬಂದಿತ್ತು," ಎಂದರು, ಹೊಲಿಗೆ ನಿಲ್ಲಿಸದೆ.

"ಬಂದಿದ್ರೆ ಒಂದ್ ಕೂಗ್ ಹಾಕ್ಬಾರ್ದಾ?"

"ಮಾತ್ ಬುಟ್ಟೋರ್ ಮನೆ ಬಾಗ್ಲಲ್ಲಿ ನಿಂತ್ಕಂಡು ಎಂಗೆ ಕೂಗನ ಅಣ್ಣ? ನಾ ಹೊಲ್ದ ರವಿಕೆ ಗೋಣಿಚೀಲ್ದಂಗದೆ ಅಂದ್ರು ನಿಮ್ಮನೆಯವ್ರು. ನಡು ಬೀದೀಲಿ ಅಂದ್ರು. ಬೋರ್‌ವೆಲ್ ಮನೆಯವ್ರು ಅಂಗಂದಿಲ್ಲ, ಅವ್ರಿಗೆ ಯೋಳ್ದೆ."

ಎರಡೂ ಕಡೆಯವರ ಹೇಳಿಕೆ ಪಡೆಯುವುದು ನನ್ನ ಕಸುಬಿನ ನಿಯಮ. ಬೀದಿ ದಾಟಿ ಗುತ್ತಿಗೆದಾರರ ಹೆಂಡತಿಯನ್ನು ಕೇಳಿದೆ. ಅವರು ಆರೋಪವನ್ನು ನಿರಾಕರಿಸಿದರು.

"ಗೋಣಿಚೀಲ ಅಂತ ನಾನು ಅಂದೇ ಇಲ್ಲ ಸಾ. ದಿಂಬಿನ್ ಚೀಲ ಅಂದಿದ್ದು. ಪೇಪರ್ನಲ್ಲಿ ಸರ್ಯಾಗ್ ಬರ್ಕಳಿ."

ಮತ್ತೆ ಬೀದಿ ದಾಟಿ ಈ ಸ್ಪಷ್ಟನೆಯನ್ನು ತಿಳಿಸಿದೆ. ಪ್ರಯೋಜನವಾಗಲಿಲ್ಲ. ಟೈಲರ್ ತಮ್ಮ ಷರತ್ತನ್ನು ಹೇಳಿದರು: ಗುತ್ತಿಗೆದಾರರ ಹೆಂಡತಿ ರವಿಕೆ ಬಟ್ಟೆ ತರಬೇಕು, ತಾವೇ ಬಂದು ಅಳತೆ ಕೊಡಬೇಕು, ಯುಗಾದಿ ಹಬ್ಬದ ದಿನ ಅದನ್ನೇ ತೊಟ್ಟು ಬೀದಿಯಲ್ಲಿ ಓಡಾಡಬೇಕು. ಒಪ್ಪಿದರೆ ಲಿಂಕ್ ಒತ್ತುತ್ತಾರೆ.

"ನಿಮ್ ಚರಂಡಿಗೋಸ್ಕರ ನನ್ ಮಾನ ಕಳೀತೀರಾ?" ಎಂದು ಹೆಂಡತಿ ಗಂಡನನ್ನು ಕೇಳಿದರು. ಆ ದಿನ ಹಾಗೇ ಮುಗಿಯಿತು, ಬುಧವಾರವೂ ಮುಗಿಯಿತು. ಅವರ ಮನೆಯಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ಗುರುವಾರ ಮಧ್ಯಾಹ್ನ ನಾನು ಮತ್ತೆ ಹೋದಾಗ ಹೆಂಡತಿ ಹಸಿರು ಬಟ್ಟೆಯೊಂದನ್ನು ಕಂಕುಳಲ್ಲಿಟ್ಟುಕೊಂಡು ಬೀದಿ ದಾಟುತ್ತಿದ್ದರು. ನಾನೂ ಗುತ್ತಿಗೆದಾರರೂ ಪರದೆಯ ಈಚೆ ಬೆಂಚಿನ ಮೇಲೆ ಕೂತೆವು.

"ಕೈ ಎತ್ತಿ," ಎಂದಿತು ಟೈಲರ್ ದನಿ.

"ಎತ್ತಿವ್ನಿ."

"ಉಸ್ರು ಬುಡಿ. ಬಿಗಿ ಹಿಡ್ಕಂಡ್ರೆ ಆಮೇಲೆ ಬಿಗಿ ಆಯ್ತು ಅಂತೀರಿ."

"ನಾನೇನೂ ಅನ್ನಲ್ಲ. ಬೇಗ ಅಳೀರಿ, ಅವ್ರಿಗೆ ಹೊತ್ತಾಯ್ತದೆ."

ಅಳತೆ ಮುಗಿಯಿತು. ಟೈಲರ್ ಲೇಸಿನ ಹೊದಿಕೆ ತೆಗೆದು ಕಂಪ್ಯೂಟರ್ ಆನ್ ಮಾಡಿದರು. ಮೇಲ್ ತೆರೆಯುವಷ್ಟರಲ್ಲಿ ಕರೆಂಟ್ ಹೋಯಿತು. ಗುತ್ತಿಗೆದಾರರು ಲೈನ್‌ಮನ್ ಹುಡುಕಿಕೊಂಡು ಹೊರಗೆ ಓಡಿದರು. ಹೆಂಗಸರಿಬ್ಬರೂ ಫ್ಯಾನಿಲ್ಲದ ಅಂಗಡಿಯಲ್ಲಿ ಎದುರುಬದುರು ಕೂತರು.

"ಬೋರ್‌ವೆಲ್ ಮನೆಯವ್ರು ಮೊನ್ನೆ ರೇಷ್ಮೆ ಸೀರೆ ಅಂತ ಉಟ್ಕಂಡಿದ್ರಲ್ಲ," ಎಂದರು ಗುತ್ತಿಗೆದಾರರ ಹೆಂಡತಿ.

"ಅದು ರೇಷ್ಮೆನಾ? ಫಾಲ್ ಹಾಕ್ದೋಳು ನಾನು ಕಣಕ್ಕ. ಸೂಜಿಗೆ ಗೊತ್ತಾಗಲ್ವಾ?"

ಕರೆಂಟ್ ಬಂದಾಗ ಸೀರೆ ಮುಗಿದು ಬೋರ್‌ವೆಲ್ ಮನೆಯ ಸೊಸೆಯ ವಿಷಯ ನಡೆಯುತ್ತಿತ್ತು. ಗುತ್ತಿಗೆದಾರರು ಓಡಿ ಬಂದು, "ಬಂತು ಕಣಮ್ಮ, ಒತ್ತು, ಒತ್ತು!" ಎಂದರು.

"ಇರಣ್ಣ, ಒಂದ್ ಮಾತ್ ಆಡ್ತಾ ಇವ್ನಿ," ಎಂದರು ಟೈಲರ್. ಮಾತು ಮುಗಿಸಿ ಒತ್ತಿದರು.

ಸರ್ಟಿಫಿಕೇಟ್ ಅಂದೇ ಸಂಜೆ ನವೀಕರಣವಾಯಿತು. ಶುಕ್ರವಾರ ಗಡುವಿಗೆ ಮುಂಚೆ ಟೆಂಡರ್ ಸಲ್ಲಿಕೆಯಾಯಿತು. ಚರಂಡಿ ಕೆಲಸ ಗುತ್ತಿಗೆದಾರರಿಗೇ ಸಿಕ್ಕಿತು. ಯುಗಾದಿಯ ದಿನ ಅವರ ಹೆಂಡತಿ ಹಸಿರು ರವಿಕೆ ತೊಟ್ಟಿದ್ದನ್ನು ನೋಡಿದವರು ಹೇಳಿದ್ದಾರೆ.

ಆಮೇಲೆ ಗೆಳೆಯ ಗುತ್ತಿಗೆದಾರರನ್ನು ಅಂಗಡಿಯಲ್ಲಿ ಕೂರಿಸಿಕೊಂಡು ಅವರದೇ ಒಂದು ಮೇಲ್ ಮಾಡಿಸಿ, ಬೆಂಗಳೂರಿಗೆ ಕೋರಿಕೆ ಕಳಿಸಿದ. ಹಳೆಯ ವಿಳಾಸ ತೆಗೆಸಲೇ ಎಂದು ಕೇಳಿದ್ದಕ್ಕೆ, "ಬ್ಯಾಡ, ಇರ್ಲಿ ಬುಡು," ಎಂದರು. 2010ರಲ್ಲಿ ಎಪಿಐ ಮೂಲಕ ಕೊನೆಯ ಸಲ ಕೇಳಿದಾಗ ಆ ಸರ್ಟಿಫಿಕೇಟಿಗೆ ಎಚ್ಚರಿಕೆಯ ವಿಳಾಸಗಳು ಎರಡಿದ್ದವು. ಮೊದಲನೆಯದು ಟೈಲರ್‌ದು. ಎರಡನೆಯದು ಗುತ್ತಿಗೆದಾರರದು, ಅದರ ಪಾಸ್‌ವರ್ಡ್ ಅವರು ಮರೆತಿದ್ದರು.