ಮೂಳೆ ಪೆಟ್ಟಿಗೆಯ ಮೇಲೆ ಕೂತವಳು

ನಾನು ಇಂಥವನ್ನೆಲ್ಲ ನಂಬುವವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೆಡಿಕಲ್ ಕಾಲೇಜಿನ ಮೊದಲ ವರ್ಷದಲ್ಲಿ ಸೀನಿಯರ್‌ಗಳು ಹೊಸಬರಿಗೆ ಹೆಣ ಕೊಯ್ಯುವ ಕೋಣೆಯ ದೆವ್ವದ ಕಥೆ ಹೇಳಿ ಹೆದರಿಸುವುದು ಒಂದು ಪದ್ಧತಿ. ನನಗೆ ಹೇಳಲು ಬಂದ ಸೀನಿಯರ್‌ಗೆ, "ಆ ದೆವ್ವಕ್ಕೆ ಕೈ ನರಗಳ ಹೆಸರು ಗೊತ್ತಿದ್ರೆ ಕಳ್ಸಿ ಅಕ್ಕ, ನಾಳೆ ವೈವಾ ಇದೆ" ಎಂದಿದ್ದೆ. ಬಾಯಿ ನನಗೆ ಯಾವಾಗಲೂ ಸ್ವಲ್ಪ ಜಾಸ್ತಿ. ಈಗ ಇದನ್ನು ಬರೆಯುವಾಗಲೂ ಯಾರಾದರೂ ನನಗೆ ಈ ಕಥೆ ಹೇಳಿದ್ದರೆ ನಾನು ಏನು ಕೇಳಿ ನಗುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಆದರೆ ನಡೆದದ್ದು ನನಗೇ.

ನಮ್ಮ ಕಾಲೇಜು ಎಲೆಕ್ಟ್ರಾನಿಕ್ ಸಿಟಿ ದಾಟಿ ಅತ್ತಿಬೆಲೆಯ ಕಡೆಗಿತ್ತು. ಮನೆ ಊರಿನ ಇನ್ನೊಂದು ತುದಿಯಲ್ಲಿ, ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ. ಅಪ್ಪ ಅಲ್ಲಿ ಫಿಟ್ಟರ್. ನನಗೆ ಸೀಟು ಸಿಕ್ಕಿದ ದಿನ ಅವರು ಇಪ್ಪತ್ತೈದು ವರ್ಷ ಸರ್ವೀಸಿಗೆ ಕಾರ್ಖಾನೆಯವರು ಕೊಟ್ಟಿದ್ದ ಕೈಗಡಿಯಾರದ ಚೈನನ್ನು ತಾವೇ ಕೂತು ಚಿಕ್ಕದು ಮಾಡಿ ನನ್ನ ಕೈಗೆ ಕಟ್ಟಿದರು. "ನಾಡಿ ನೋಡೋವಾಗ ಸೆಕೆಂಡ್ ಮುಳ್ಳು ಬೇಕಲ್ವಾ ಪುಟ್ಟಿ" ಎಂದರು. ಅದನ್ನು ಸ್ನಾನಕ್ಕೆ ಬಿಟ್ಟರೆ ನಾನು ಎಂದೂ ತೆಗೆದವಳಲ್ಲ.

ಎರಡನೇ ವರ್ಷದಲ್ಲಿ ನನಗೆ ಏನೋ ಆಯಿತು. ಪುಸ್ತಕ ತೆರೆದು ಕೂತರೆ ಒಂದೇ ಪುಟದಲ್ಲಿ ಮಧ್ಯಾಹ್ನವೆಲ್ಲ ಕಳೆಯುತ್ತಿತ್ತು. ಊಟ ಸೇರುತ್ತಿರಲಿಲ್ಲ. ಇಂಟರ್ನಲ್ಸ್ ಪರೀಕ್ಷೆಯಲ್ಲಿ ಎರಡು ವಿಷಯ ಹೋದವು. ಇದನ್ನು ಯಾರಿಗಾದರೂ ಹೇಳಬೇಕಿತ್ತು, ಹೇಳಲಿಲ್ಲ. ನಮ್ಮ ಹಾಸ್ಟೆಲಿನಲ್ಲಿ ಎಲ್ಲರೂ ರಾತ್ರಿಯಿಡೀ ಓದಿ ಬೆಳಿಗ್ಗೆ "ಏನೂ ಓದಿಲ್ಲ ಕಣೇ" ಎಂದು ಸುಳ್ಳು ಹೇಳುವವರು, ಆದರೆ ಸುಸ್ತಾಗಿದೆ ಎಂದು ನಿಜ ಹೇಳುವವರು ಒಬ್ಬರೂ ಇರಲಿಲ್ಲ. ಅಪ್ಪಿತಪ್ಪಿ ಯಾರಾದರೂ ಹೇಳಿದರೆ, ನಾಳೆ ಇವಳು ರೋಗಿಗಳನ್ನು ಹೇಗೆ ನೋಡುತ್ತಾಳೆ ಎಂದು ಮಾತಾಡಿಕೊಳ್ಳುತ್ತಿದ್ದರು. ಮಾತಾಡುತ್ತಿದ್ದವರಲ್ಲಿ ನಾನೂ ಇದ್ದೆ.

ನನ್ನ ರೂಮ್‌ಮೇಟ್ ಮಂಜುಳಾ ದೊಡ್ಡನೆಕ್ಕುಂದಿಯವಳು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳಿವೆ. ಆ ಮನೆತನದಲ್ಲಿ ಪಿಯುಸಿ ದಾಟಿದ ಮೊದಲ ಹುಡುಗಿ ಇವಳು. ಇವಳಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ನಮ್ಮ ಬ್ಯಾಚಿಗೇ ಗೊತ್ತಿದ್ದ ವಿಷಯ. ಒಮ್ಮೆ ನನ್ನ ಹಾಜರಿಗೆ ಪ್ರಾಕ್ಸಿ ಕೊಡು, ನನ್ನ ಬದಲು ನೀನೇ ಪ್ರೆಸೆಂಟ್ ಸಾರ್ ಅನ್ನು ಎಂದು ಹೇಳಿ ನಾನು ಮಲಗಿದ್ದೆ. ಅವಳು ನನ್ನ ನಂಬರ್ ಬಂದಾಗ ಎದ್ದು ನಿಂತು, "ಅವಳು ಬಂದಿಲ್ಲ ಸಾರ್, ಪ್ರಾಕ್ಸಿ ಕೊಡು ಅಂದಿದ್ಲು" ಎಂದುಬಿಟ್ಟಿದ್ದಳು. ಎರಡು ದಿನ ಅವಳ ಜೊತೆ ಮಾತು ಬಿಟ್ಟಿದ್ದೆ.

ಆ ವರ್ಷ ಮಂಜುಳಾ ಒಬ್ಬ ಪ್ರೊಫೆಸರ್ ಕೈಕೆಳಗೆ ಒಂದು ಸಮೀಕ್ಷೆ ಹಿಡಿದಿದ್ದಳು. ವಿಷಯ, ವೈದ್ಯಕೀಯ ವಿದ್ಯಾರ್ಥಿಗಳ ಮನಸ್ಥಿತಿ ಮತ್ತು ಒತ್ತಡ. ಇಪ್ಪತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ. ನಿದ್ದೆ ಹೇಗಿದೆ, ಅಳು ಬರುತ್ತದೆಯೇ, ಬದುಕು ಬೇಡ ಅನ್ನಿಸಿದೆಯೇ. ಇದರಲ್ಲಿ ಒಂದು ತಮಾಷೆ ಇದೆ. ಎಷ್ಟು ಅಂಕ ಬಂದರೆ ಕಾಯಿಲೆ ಎಂದು ನಮಗೆ ಪಾಠದಲ್ಲೇ ಹೇಳಿಕೊಟ್ಟಿದ್ದರು. ಹಾಗಾಗಿ ಎಲ್ಲರೂ ಲೆಕ್ಕ ಹಾಕಿಕೊಂಡು ಅದಕ್ಕಿಂತ ಒಂದೆರಡು ಕಡಿಮೆ ಬರುವ ಹಾಗೆ ಗುರುತು ಹಾಕಿದರು. ನಾನು ಮಾತ್ರ ಯಾಕೋ ನಿಜ ಬರೆದೆ. ಮೇಲ್ಗಡೆ ದಪ್ಪ ಅಕ್ಷರದಲ್ಲಿ "ಹೆಸರು ಬರೆಯಬೇಡಿ" ಎಂದಿತ್ತು. ಬದುಕು ಬೇಡ ಅನ್ನಿಸಿದೆಯೇ ಎಂಬುದಕ್ಕೆ "ಪ್ರತಿದಿನ" ಎಂದು ಗುರುತು ಹಾಕಿದೆ. ಕವರಿಗೆ ಹಾಕಿ ಅಂಟಿಸಿ, ಹೇಳಿದ ಹಾಗೆ ಅಂಟಿನ ಮೇಲೆ ಅಡ್ಡಲಾಗಿ ಸಹಿ ಮಾಡಿ, ಮಂಗಳವಾರ ಡಬ್ಬಿಗೆ ಹಾಕಿದೆ.

ಹಾಕಿದ ಮೇಲೆ ಹೊಳೆಯಿತು. ಸಮೀಕ್ಷೆಗೆ ಒಪ್ಪಿಗೆ ಪತ್ರ ಬೇಕು ಎಂಬ ನಿಯಮ. ಅದರಲ್ಲಿ ನಮ್ಮ ಹೆಸರು, ರೋಲ್ ನಂಬರ್, ಸಹಿ. ಆ ಪತ್ರವನ್ನೂ ಅದೇ ಕವರಿನಲ್ಲಿ ಹಾಕಿಸಿದ್ದರು. ಹೆಸರಿಲ್ಲದ ಉತ್ತರಕ್ಕೆ ನಾನೇ ಹೆಸರು ಮಡಚಿ ಇಟ್ಟಿದ್ದೆ. ಕವರನ್ನು ವಾಪಸು ಕೇಳುವಷ್ಟು ಧೈರ್ಯವೂ ನನ್ನಲ್ಲಿ ಆಗ ಉಳಿದಿರಲಿಲ್ಲ.

ಆ ಕಾಗದದಲ್ಲಿ ಇಲ್ಲದ ಇನ್ನೊಂದು ಸಂಗತಿ ಇತ್ತು. ಶನಿವಾರ ಮನೆಗೆ ಹೋಗಿ ಅಪ್ಪ ಅಮ್ಮನನ್ನು ನೋಡಿ ಬರುವುದು, ಆಮೇಲೆ ಸಾಕು ಎಂದು ನಾನು ತೀರ್ಮಾನಿಸಿದ್ದೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸೋಮವಾರ ಸಂಜೆ ರೂಮಿನಲ್ಲಿ ಯಾರೂ ಇಲ್ಲದಾಗ ಗಡಿಯಾರ ಬಿಚ್ಚಿ, "ಅಪ್ಪನಿಗೆ ಕೊಡಿ" ಎಂಬ ಚೀಟಿ ಸುತ್ತಿ, ಮಂಚದ ಕೆಳಗಿನ ಮೂಳೆ ಪೆಟ್ಟಿಗೆಯಲ್ಲಿ ಇಟ್ಟೆ. ಮೊದಲ ವರ್ಷದವರು ಓದಲು ಇಟ್ಟುಕೊಳ್ಳುವ ಮನುಷ್ಯರ ಮೂಳೆಗಳ ತಗಡಿನ ಪೆಟ್ಟಿಗೆ ಅದು. ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಕೈಬದಲಾಗುತ್ತ ಹೋಗುತ್ತದೆ. ನನ್ನದನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಬೀಗ ಹಾಕಿ, ಕೀಲಿಯನ್ನು ನನ್ನ ಪೆನ್ನಿನ ಚೀಲದಲ್ಲಿ ಇಟ್ಟುಕೊಂಡೆ. ಗಡಿಯಾರ ಎಲ್ಲಿ ಎಂದು ಮಂಜುಳಾ ಕೇಳಿದಾಗ ರಿಪೇರಿಗೆ ಕೊಟ್ಟಿದ್ದೇನೆ ಎಂದೆ.

ಬುಧವಾರ ನಮ್ಮ ಬ್ಯಾಚಿಗೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವ ಕೆಲಸ. ಕಾಲೇಜಿನ ಬಸ್ಸಿನಲ್ಲಿ ಹೋಗಲು ಮುಕ್ಕಾಲು ಗಂಟೆ ಬೇಕು, ಅತ್ತಿಬೆಲೆ ಸರ್ಕಲ್ಲಿನಲ್ಲಿ ಫ್ಯಾಕ್ಟರಿ ಶಿಫ್ಟ್ ಬಿಡುವ ಹೊತ್ತಾದರೆ ಇನ್ನೂ ಹೆಚ್ಚು. ಮಂಜುಳಾ ಜ್ವರ ಎಂದು ರೂಮಿನಲ್ಲೇ ಉಳಿದಿದ್ದಳು. ಮಕ್ಕಳ ಹೆಸರು, ತೂಕ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಊರಿನ ಆಶಾ ಕಾರ್ಯಕರ್ತೆ ರತ್ನಮ್ಮ ನನ್ನ ಭುಜ ಹಿಡಿದು ಅಲ್ಲಾಡಿಸಿದ್ದು ನೆನಪಿದೆ.

"ಎಲ್ಲೋಗಿದ್ರಿ ಮೇಡಂ? ಅಂಗೇ ಕಣ್ ಬಿಟ್ಕೊಂಡ್ ಕೂತಿದ್ರಿ. ಮೂರ್ ಸಲ ಕೂಗ್ದೆ, ಓ ಅನ್ಲಿಲ್ಲ."

ನಿದ್ದೆ ಸಾಲದು ಎಂದು ಹೇಳಿ ನಕ್ಕೆ. ರಿಜಿಸ್ಟರ್ ನೋಡಿದರೆ ಮೂರು ಮಕ್ಕಳ ಹೆಸರು ರತ್ನಮ್ಮನ ಕೈಬರಹದಲ್ಲಿತ್ತು. ಆ ಮೂರು ಮಕ್ಕಳು ಬಂದು ಚುಚ್ಚಿಸಿಕೊಂಡು ಅತ್ತು ಹೋದದ್ದು ನನಗೆ ಗೊತ್ತೇ ಆಗಿರಲಿಲ್ಲ. ಆಗ ಅದನ್ನು ದೊಡ್ಡ ವಿಷಯ ಎಂದುಕೊಳ್ಳಲಿಲ್ಲ.

ಗುರುವಾರ ಬೆಳಿಗ್ಗೆ ಎಂಟಕ್ಕೆ ಅಪ್ಪ ಹಾಸ್ಟೆಲಿನ ಬಾಗಿಲಲ್ಲಿ ನಿಂತಿದ್ದರು. ಮೊದಲ ಶಿಫ್ಟಿಗೆಂದು ಹೊರಟವರು ಗೇಟಿನವರೆಗೆ ಹೋಗಿ, ಒಳಗೆ ಕಾಲಿಡುವ ಮೊದಲೇ ಒಂದು ಫೋನು ಬಂದು ಹಾಗೇ ಹೊರಟು ಬಂದಿದ್ದರು. ಮೈಮೇಲೆ ಯೂನಿಫಾರ್ಮ್, ಜೇಬಿನಲ್ಲಿ ಗುರುತಿನ ಚೀಟಿ. ಪಕ್ಕದಲ್ಲಿ ವಾರ್ಡನ್. ರೂಮಿಗೆ ಬಂದವರೇ, "ಪುಟ್ಟಿ, ಆ ಮೂಳೆ ಪೆಟ್ಟಿಗೆ ತೆಗಿಯಮ್ಮ" ಎಂದರು. ಪೆನ್ನಿನ ಚೀಲದಿಂದ ಕೀಲಿ ತೆಗೆದು ಕೊಟ್ಟೆ. ಅವರೇ ತೆಗೆದರು. ಚೀಟಿ ಓದಿದರು. ಮೂಳೆಗಳ ಪಕ್ಕದಲ್ಲಿ ನೆಲಕ್ಕೆ ಕೂತುಬಿಟ್ಟರು. ನನ್ನ ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ವಾರ್ಡನ್ ಎದುರಿಗೆ, ಬಾಗಿಲಲ್ಲಿ ಅರ್ಧ ಹಾಸ್ಟೆಲ್ ನಿಂತಿರುವಾಗ.

ಮಂಜುಳಾ ಗೋಡೆಗೆ ಒರಗಿ ನಿಂತಿದ್ದಳು. ನನ್ನ ಕಣ್ಣು ತಪ್ಪಿಸಲಿಲ್ಲ. ಅಪ್ಪನಿಗೆ ಫೋನು ಮಾಡಿದವಳು ಅವಳೇ ಎಂದು ಆಗಲೇ ತಿಳಿಯಿತು.

ನಾನು ಆರು ವಾರ ಮನೆಯಲ್ಲಿದ್ದೆ. ಡಾಕ್ಟರನ್ನು ಕಂಡೆ, ಮಾತ್ರೆ ತೆಗೆದುಕೊಂಡೆ, ನಿಧಾನವಾಗಿ ಅಕ್ಷರಗಳು ಮತ್ತೆ ಅಕ್ಷರಗಳಾದವು. ಇವತ್ತು ನನ್ನಲ್ಲಿಗೆ ಬರುವವರಿಗೆ ನಾನು ಇದನ್ನೇ ಹೇಳುವುದು, ಮರೆಮಾಚಬೇಡಿ, ಇದಕ್ಕೆ ಮದ್ದಿದೆ ಎಂದು. ಆದರೆ ಆಗ ನನ್ನೊಳಗೆ ಕೃತಜ್ಞತೆಯ ಒಂದು ಹನಿಯೂ ಇರಲಿಲ್ಲ. ಅವಳು ಕವರ್ ಒಡೆದು ಓದಿದಳು, ಹೆಸರು ಬರೆಯಬೇಡಿ ಎಂದು ನಂಬಿಸಿ ಕತ್ತು ಕೊಯ್ದಳು ಎಂಬುದೊಂದೇ. ಒಂದೇ ತಟ್ಟೆಯಲ್ಲಿ ಉಂಡವಳು ಹೀಗೆ ಮಾಡಬಹುದೇ? ಇಡೀ ಕಾಲೇಜಿನ ಬಾಯಿಗೆ ನನ್ನನ್ನು ಕೊಟ್ಟಿದ್ದಳು. ವಾಪಸು ಬಂದಾಗ ಮೆಸ್ಸಿನಲ್ಲಿ ನಾನು ಕೂತ ಬೆಂಚಿನಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು, ಗಾಜಿನ ಸಾಮಾನು ಇಟ್ಟಿರುವ ಹಾಗೆ.

ಮೊದಲ ದಿನವೇ ಅವಳನ್ನು ಕೇಳಿದೆ, ಯಾಕೆ ಓದಿದೆ ಎಂದು.

"ನಾನು ಕವರ್ ಮುಟ್ಟೇ ಇಲ್ಲ ಕಣೇ. ನೀನೇ ಬಂದಿದ್ಯಲ್ಲ."

"ನಾನಾ? ಎಲ್ಲಿಗೆ?"

"ಬುಧವಾರ ಮಧ್ಯಾಹ್ನ, ರೂಮಿಗೆ. ಬಿಳಿ ಏಪ್ರನ್ ಹಾಕ್ಕೊಂಡಿದ್ದೆ. ಆ ಪೆಟ್ಟಿಗೆ ಎಳ್ಕೊಂಡು ಅದ್ರ ಮೇಲೆ ಕೂತ್ಕೊಂಡೆ. ಶನಿವಾರದ್ದು, ವಾಚಿಂದು, ಎಲ್ಲಾ ಹೇಳ್ದೆ. ಅಪ್ಪನ್ಗೆ ಹೇಳೋಕೆ ನನ್ ಕೈಲಾಗಲ್ಲ, ನೀನೇ ಹೇಳು ಅಂದೆ. ನೀರು ತರ್ತೀನಿ ಇರು ಅಂತ ಹೋಗಿ ಬರೋಷ್ಟ್ರಲ್ಲಿ ನೀನಿರ್ಲಿಲ್ಲ."

ನನಗೆ ಮೈ ಉರಿದುಹೋಯಿತು. ದ್ರೋಹ ಮಾಡಿದ್ದಲ್ಲದೆ ನನಗೇ ಹುಚ್ಚಿಯ ಪಟ್ಟ ಕಟ್ಟುತ್ತಿದ್ದಾಳೆ ಅನ್ನಿಸಿತು. ಸುಳ್ಳಿ ಎಂದು ಕಿರುಚಿದೆ. ಬುಧವಾರ ನಾನು ಎಲ್ಲಿದ್ದೆ ಎಂಬುದಕ್ಕೆ ಬ್ಯಾಚಿನ ಹನ್ನೆರಡು ಜನ ಸಾಕ್ಷಿ ಇದ್ದರು. ಸಾಲದು ಎಂದು ಹಾಸ್ಟೆಲಿನ ಗೇಟಿನ ಪುಸ್ತಕ ತೆಗೆಸಿ ತೋರಿಸಿದೆ. ಬೆಳಿಗ್ಗೆ ಎಂಟಕ್ಕೆ ಹೊರಗೆ, ಸಂಜೆ ಐದಕ್ಕೆ ಒಳಗೆ. ಅವಳ ಮುಖ ಬಿಳಿಚಿತು. "ನಂಗೊತ್ತಿಲ್ಲ ಕಣೇ. ನೀನೇ ಬಂದಿದ್ದೆ" ಎಂದಷ್ಟೇ ಹೇಳಿದಳು. ಅದೇ ದಿನ ನಾನು ರೂಮ್ ಬದಲಾಯಿಸಿದೆ. ಎರಡು ವರ್ಷ ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಎದುರು ಬಂದರೆ ಗೋಡೆಯನ್ನು ನೋಡಿದ ಹಾಗೆ ನೋಡಿ ಹೋಗುತ್ತಿದ್ದೆ. ಅವಳಿಗೆ ಮಲೇರಿಯಾ ಬಂದು ವಾರ್ಡಿನಲ್ಲಿ ಮಲಗಿದ್ದಾಗಲೂ ನಾನು ಹೋಗಲಿಲ್ಲ.

ಕೊನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ಅವಳೇ ಲೈಬ್ರರಿಗೆ ಬಂದು ನನ್ನ ಮುಂದೆ ಒಂದು ಕವರ್ ಇಟ್ಟಳು. ಒಪ್ಪಿಗೆ ಪತ್ರದ ಎಡವಟ್ಟು ಗೊತ್ತಾದ ಮೇಲೆ ಆ ಸಮೀಕ್ಷೆಯನ್ನೇ ನಿಲ್ಲಿಸಿ, ಕವರುಗಳನ್ನೆಲ್ಲ ಪ್ರೊಫೆಸರ್ ತಮ್ಮ ಬೀರುವಿನಲ್ಲಿ ಇಟ್ಟಿದ್ದರಂತೆ. ಈಗ ಬೀರು ಖಾಲಿ ಮಾಡುವಾಗ ಅವರವರದು ಅವರವರ ಕೈಗೇ ಕೊಡಬೇಕು ಎಂದು ಇವಳಿಗೆ ಒಪ್ಪಿಸಿದ್ದರು.

ಕವರ್ ಒಡೆದಿರಲಿಲ್ಲ. ಅಂಟಿನ ಮೇಲೆ ನನ್ನ ಸಹಿ, ಹಸಿರು ಶಾಯಿಯಲ್ಲಿ, ಒಂದು ಗೆರೆಯೂ ಕದಲದೆ ಇತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಉಗುರಿನಿಂದ ಅಂಚು ಕೆರೆದು ನೋಡಿದೆ. ಆಮೇಲೆ ನಾನೇ ಒಡೆದೆ. ಒಳಗೆ ನನ್ನ ಇಪ್ಪತ್ತು ಉತ್ತರಗಳು, ನನ್ನ ಒಪ್ಪಿಗೆ ಪತ್ರ. ಯಾರೂ ಓದಿರಲಿಲ್ಲ. ಓದಿದ್ದರೂ ಶನಿವಾರದ ಮಾತು, ಗಡಿಯಾರದ ಮಾತು ಅದರಲ್ಲಿ ಇರಲೇ ಇಲ್ಲವಲ್ಲ. ಎರಡು ವರ್ಷ ಇದನ್ನು ಯೋಚಿಸದೆ ಹೇಗಿದ್ದೆನೋ. ಕೋಪ ಇದ್ದವರಿಗೆ ಯೋಚನೆ ಬೇಕಾಗುವುದಿಲ್ಲ ಎಂದು ಕಾಣುತ್ತದೆ.

"ಅವತ್ತು ಬಂದವಳು ಇನ್ನೇನಾದ್ರೂ ಹೇಳಿದ್ಲಾ?" ಎಂದು ಕೇಳಿದೆ. ಬಂದವಳು ಎಂದೇ ಕೇಳಿದೆ, ನಾನು ಎನ್ನಲಿಲ್ಲ.

ಮಂಜುಳಾ ನನ್ನೆದುರಿನ ಕುರ್ಚಿ ಎಳೆದು ಕೂತಳು.

"ಒಂದು ಹೇಳಿದ್ಲು. ನೀನು ಅಪ್ಪನಿಗೆ ಹೇಳಿದ್ರೆ ನಾನು ನಿನ್ನ ಜೊತೆ ಮಾತು ಬಿಡ್ತೀನಿ, ನಿನ್ನ ಸುಳ್ಳಿ ಅಂತೀನಿ. ಆದ್ರೂ ಹೇಳು ಅಂದ್ಲು. ಆಯ್ತು ಅಂತ ಮಾತು ಕೊಟ್ಟೆ."

"ಇದನ್ನ ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀನು ಆಗ್ಲೇ ಸುಳ್ಳಿ ಅಂದಾಗಿತ್ತಲ್ಲ" ಎಂದಳು.

ದ್ರೋಹ ಆದದ್ದು ನನಗೆ ಎಂದು ಎರಡು ವರ್ಷ ಎದೆಯಲ್ಲಿ ಕೆಂಡ ಇಟ್ಟುಕೊಂಡು ತಿರುಗಿದ್ದೆ. ಆ ಹುಡುಗಿ ಮುಂದೇನಾಗುತ್ತದೆ ಎಂದು ಗೊತ್ತಿದ್ದೂ ಮಾತು ಉಳಿಸಿಕೊಂಡು, ನನ್ನ ಬೈಗುಳವನ್ನೂ ತಿಂದು ಸುಮ್ಮನಿದ್ದಳು. ಲೈಬ್ರರಿಯಲ್ಲೇ ಅತ್ತೆ. ಅವಳು ನೀರು ತರಲು ಎದ್ದವಳು ಹಾಗೇ ನಿಂತು, ನನ್ನ ಕೈ ಹಿಡಿದು ಎಳೆದುಕೊಂಡೇ ಹೋದಳು. ಬಿಟ್ಟು ಹೋಗಲು ಅವಳಿಗೆ ಭಯ ಇತ್ತು.

ನನಗೆ ತೋಚಿದ ವಿವರಣೆಗಳನ್ನೆಲ್ಲ ಪರೀಕ್ಷಿಸಿ ನೋಡಿದ್ದೇನೆ. ಅವಳಿಗೆ ಜ್ವರ ಇತ್ತು, ಕನಸು ಕಂಡಿರಬಹುದು. ಆದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಏನಿದೆ ಎಂದು ಜ್ವರ ಹೇಳುವುದಿಲ್ಲ. ನನ್ನ ಮುಖ ನೋಡಿಯೇ ಊಹಿಸಿ ಕಥೆ ಕಟ್ಟಿರಬಹುದು. ಆದರೆ ಒಂದು ಪ್ರಾಕ್ಸಿ ಕೊಡಲಾರದವಳು ಅವಳು. ಆರೋಗ್ಯ ಕೇಂದ್ರಕ್ಕೆ ಮತ್ತೆ ಹೋಗಿ ಆ ರಿಜಿಸ್ಟರನ್ನೂ ನೋಡಿ ಬಂದೆ. ರತ್ನಮ್ಮನ ಕೈಬರಹದ ಆ ಮೂರು ಹೆಸರು ಅಲ್ಲಿ ಹಾಗೇ ಇವೆ. ಅಷ್ಟು ಹೊತ್ತು ನಾನು ಎಲ್ಲಿದ್ದೆ ಎಂದು ನನಗೆ ಗೊತ್ತಿಲ್ಲ.

ಈಗ ನಾನು ಪೀಣ್ಯದ ಕಡೆ ಒಂದು ಆಸ್ಪತ್ರೆಯಲ್ಲಿದ್ದೇನೆ, ಮಂಜುಳಾ ವೈಟ್‌ಫೀಲ್ಡ್ ಕಡೆ. ಅಪ್ಪನ ಗಡಿಯಾರ ಕೈಯಲ್ಲಿದೆ, ನಾಡಿ ನೋಡುವುದು ಅದರಲ್ಲೇ. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ನನ್ನ ದನಿ ಕೇಳಿದ ತಕ್ಷಣ ಅವಳು, "ನೀನೇ ತಾನೆ?" ಎಂದು ಕೇಳುತ್ತಾಳೆ. ತಮಾಷೆಗೇ ಕೇಳುವುದು. ನಾನೂ "ಹೂಂ, ನಾನೇ ಕಣೇ" ಎಂದು ನಗುತ್ತೇನೆ. ಆದರೆ ಅವಳಿಗೆ ನಿಜ ಹೇಳಿ ನನ್ನನ್ನು ಉಳಿಸಿದವಳು ಬೇರೊಬ್ಬಳು, ಮಂಜುಳಾಳನ್ನು ನಂಬದೆ ಸುಳ್ಳಿ ಎಂದವಳು ನಾನು. ಹೂಂ ಎನ್ನುವಾಗಲೆಲ್ಲ ಅವತ್ತು ಬಂದವಳ ಹಾಜರಿಗೆ ಪ್ರಾಕ್ಸಿ ಕೊಡುತ್ತಿದ್ದೇನೆ ಅನ್ನಿಸುತ್ತದೆ.